ಲಾಫ್ಲೂರ್ ಎಂಬ ಸಿಪಾಯಿಯನ್ನು ಹುಡುಕುವುದು ಎಲ್ಲಿ?

1744ರ ಬೇಸಿಗೆ. ಪೆನ್ಸಿಲ್ವೇನಿಯಾದ ಲಾಂಕಾಸ್ಟರ್ ಎಂಬ ಊರಿನಲ್ಲಿ ಇಂಗ್ಲಿಷ್ ವಸಾಹತುಗಳ ಪ್ರತಿನಿಧಿಗಳೂ ಇರೊಕ್ವಾ ಬುಡಕಟ್ಟುಗಳ ಮುಖಂಡರೂ ಒಪ್ಪಂದದ ಮಾತುಕತೆಗೆ ಸೇರಿದ್ದರು. ಮೇರಿಲ್ಯಾಂಡ್ ಕಡೆಯವರ ಕಾರ್ಯದರ್ಶಿಯಾಗಿ ಬಂದಿದ್ದ ವಿದಮ್ ಮಾರ್ಶ್ ಎಂಬಾತ ಅಲ್ಲಿ ಒಬ್ಬ ಹಿರಿಯ ಹೆಂಗಸನ್ನು ಕಂಡು ಮಾತಾಡಿಸಿದ. ಆಕೆ ಮೇಡಂ ಮಾಂಟೂರ್. ಉಡುಗೆ, ವಾಸ, ನೆಂಟಸ್ತಿಕೆ ಎಲ್ಲ ಮೂಲನಿವಾಸಿಗಳದು. ಆದರೆ ತಾನು ಹುಟ್ಟಿದ್ದು ಕೆನಡಾದಲ್ಲಿ, ತನ್ನ ತಂದೆ ಫ್ರೆಂಚ್ ದೊಡ್ಡಮನುಷ್ಯ, ಅಲ್ಲಿನ ಗವರ್ನರ್ ಆಗಿದ್ದವನು, ಹತ್ತು ವರ್ಷದವಳಿದ್ದಾಗ ಇರೊಕ್ವಾಗಳು ತನ್ನನ್ನು ಸೆರೆಹಿಡಿದು ಒಯ್ದರು ಎಂದೆಲ್ಲ ಆಕೆ ಹೇಳಿಕೊಂಡಳು. ಮಾರ್ಶ್ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ.

ಕೆನಡಾದ ಗವರ್ನರುಗಳ ಪಟ್ಟಿಯನ್ನು ತಿರುವಿ ನೋಡಿದರೆ ಅಂಥ ತಂದೆ ಯಾರೂ ಸಿಗುವುದಿಲ್ಲ. ಸಿಗುವುದು ಕ್ವಿಬೆಕ್ ಮತ್ತು ಮಾಂಟ್ರಿಯಲ್ ನಡುವೆ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿರುವ ತ್ರ್ವಾ-ರಿವಿಯೇರ್ ಎಂಬ ಊರಿನ ಚರ್ಚ್ ರಿಜಿಸ್ಟರಿನಲ್ಲಿ, ಒಬ್ಬ ಮಾಮೂಲಿ ಸಿಪಾಯಿ. ಹೆಸರು ಪಿಯೇರ್ ಕೂಕ್ ಉರ್ಫ್ ಲಾಫ್ಲೂರ್, ಫ್ರಾನ್ಸಿನ ಕೊನ್ಯಾಕ್ ಊರಿನವನು. ಲಾಫ್ಲೂರ್ ಅಂದರೆ ಹೂವು.

ಮನೆಯಲ್ಲಿ ಅಜ್ಜಿ ಹೇಳಿದ ಕಥೆಗೂ ದಾಖಲೆಯಲ್ಲಿರುವ ಮನುಷ್ಯನಿಗೂ ನಡುವೆ ಇಷ್ಟು ದೂರ ಇರುವುದು ವಂಶ ಹುಡುಕುವವರಿಗೆ ಹೊಸದಲ್ಲ. ಉತ್ತರ ಅಮೆರಿಕದಲ್ಲಿ ಫ್ರೆಂಚ್ ಮೂಲದ ಲಕ್ಷಾಂತರ ಕುಟುಂಬಗಳು ಹದಿನೇಳನೇ ಶತಮಾನದ ಯಾರೋ ಒಬ್ಬ ಸಿಪಾಯಿಯನ್ನು ಮೂಲಪುರುಷ ಎನ್ನುತ್ತವೆ. ಅವನನ್ನು ದಾಖಲೆಯಲ್ಲಿ ಹಿಡಿಯುವುದು ಹೇಗೆ? ನನಗೆ ತಿಳಿದಂತೆ ಅದಕ್ಕೆ ಒಂದು ಸಣ್ಣ ಗುಟ್ಟಿದೆ. ಸಿಪಾಯಿಯನ್ನು ಸೈನ್ಯದ ಕಡತದಲ್ಲಿ ಹುಡುಕಬಾರದು, ಅವನ ಮದುವೆಯ ಪುಟದಲ್ಲಿ ಹುಡುಕಬೇಕು. ಯಾಕೆ ಹೀಗೆ ಎಂಬುದಕ್ಕೆ ಲಾಫ್ಲೂರನ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಮೊದಲು ಹೆಸರಿನ ತಕರಾರು ನೋಡೋಣ.

ಆಗಿನ ಫ್ರೆಂಚ್ ಸೈನ್ಯಕ್ಕೆ ಸೇರಿದವನಿಗೆ ಒಂದು ಅಡ್ಡಹೆಸರು ಅಂಟುತ್ತಿತ್ತು. ಅದಕ್ಕೆ ಅವರಲ್ಲಿ ‘ನೋಂ ದ ಗೇರ್’ ಎನ್ನುತ್ತಾರೆ, ಯುದ್ಧದ ಹೆಸರು ಎಂದರ್ಥ. ಕಾಗದದಲ್ಲಿ ಅದನ್ನು ‘ದೀ’ ಎಂಬ ಪದದೊಡನೆ ಜೋಡಿಸಿ ಬರೆಯುತ್ತಿದ್ದರು. ನಮ್ಮ ಕೋರ್ಟು ಕಾಗದಗಳಲ್ಲಿ ‘ಉರ್ಫ್’ ಬರುತ್ತದಲ್ಲ, ಸರಿಯಾಗಿ ಅದೇ ಕೆಲಸ. ಲಾಫ್ಲೂರ್ ಹೂವಾದರೆ ಲಾರೋಸ್ ಗುಲಾಬಿ, ಸಾನ್‌ಸೂಸಿ ಚಿಂತೆ ಇಲ್ಲದವನು, ತ್ರಾಂಶ್‌ಮೊಂತಾನ್ಯ್ ಬೆಟ್ಟ ಕಡಿಯುವವನು, ವಾದ್‌ಬೊಂಕೇರ್ ಹುಮ್ಮಸ್ಸಿನಿಂದ ನಡೆಯುವವನು. ಕೆಲವರಿಗೆ ಊರಿನ ಹೆಸರೇ ಅಂಟಿತು. ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳ ನಡುವೆ ಬೆಳೆದವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಏನಿಲ್ಲ. ತೊಂದರೆ ಇರುವುದು ಮುಂದೆ.

ಒಂದು ತುಕಡಿಯಲ್ಲಿ ಐವತ್ತು ಜನರಿದ್ದರೆ ಅದರಲ್ಲೊಬ್ಬ ಲಾಫ್ಲೂರ್ ಇದ್ದೇ ಇರುತ್ತಿದ್ದ. ಹಾಗಾಗಿ ವಸಾಹತಿನ ತುಂಬ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಲಾಫ್ಲೂರ್‌ಗಳು. ಇನ್ನೊಂದು ಕಡೆ, ಒಬ್ಬನ ಮಕ್ಕಳೇ ಬೇರೆಬೇರೆ ಹೆಸರು ಹಿಡಿದು ಹೋಗುತ್ತಿದ್ದರು. ಪಿಯೇರನ ಮಕ್ಕಳಲ್ಲಿ ಕೆಲವರು ಕೂಕ್, ಕೆಲವರು ಲಾಫ್ಲೂರ್. ದೊಡ್ಡ ಮಗ ಲೂಯಿ ಮಾಂಟೂರ್ ಎಂಬ ಮೂರನೆಯ ಹೆಸರನ್ನೇ ಇಟ್ಟುಕೊಂಡ. ಒಂದೇ ಹೆಸರಿನವರು ನೆಂಟರಲ್ಲ, ಬೇರೆ ಹೆಸರಿನವರು ಅಣ್ಣತಮ್ಮಂದಿರು. ಅಡ್ಡಹೆಸರು ಮಾತ್ರ ಹಿಡಿದು ಹೊರಟವನು ದಾರಿ ತಪ್ಪುವುದು ಖಂಡಿತ.

ಇದರ ಪರಮಾವಧಿ ಎಂದರೆ ತ್ರ್ವಾ-ರಿವಿಯೇರ್ ಊರೇ. 1634ರಲ್ಲಿ ಆ ಕೋಟೆ ಕಟ್ಟಿಸಿದವನ ಹೆಸರು ಲಾವಿಯೊಲೆತ್ ಎಂದು ಅಲ್ಲಿನ ಪ್ರತಿ ಶಾಲೆಯ ಮಗುವಿಗೂ ಗೊತ್ತು. ಅದೂ ಒಂದು ಹೂವಿನ ಹೆಸರೇ. ಅದರ ಹಿಂದಿನ ಅಸಲಿ ಮನುಷ್ಯ ಯಾರು ಎಂಬುದು ಇವತ್ತಿನವರೆಗೂ ತೀರ್ಮಾನವಾಗಿಲ್ಲ. ಊರಿನ ಸ್ಥಾಪಕನ ಗತಿಯೇ ಹೀಗಾದರೆ ಅಲ್ಲಿ ಕಾವಲಿಗಿದ್ದ ಸಿಪಾಯಿಯ ಪಾಡು ಕೇಳಬೇಕೆ!

ಹಾಗಾದರೆ ಸೈನ್ಯದ ದಾಖಲೆ ಏನಾಯಿತು? ಫ್ರೆಂಚ್ ಸೈನ್ಯ ಪ್ರತಿ ಸಿಪಾಯಿಯ ಹೆಸರು, ಊರು, ತಂದೆ-ತಾಯಿ, ಎತ್ತರ, ಕೂದಲ ಬಣ್ಣ ಇತ್ಯಾದಿಗಳನ್ನು ಕ್ರಮವಾಗಿ ರಿಜಿಸ್ಟರಿನಲ್ಲಿ ಬರೆಯತೊಡಗಿದ್ದು 1716ರಿಂದ. ಆ ಪುಸ್ತಕಗಳು ಈಗ ಪ್ಯಾರಿಸ್ ಪಕ್ಕದ ವಾನ್ಸೆನ್ ಕೋಟೆಯ ಸೇನಾ ದಫ್ತರಖಾನೆಯಲ್ಲಿವೆ. 1750ರ ದಶಕದಲ್ಲಿ ಮೊಂಕಾಮ್ ಎಂಬ ಫ್ರೆಂಚ್ ಜನರಲ್ಲನ ಕೈಕೆಳಗೆ ಕೆನಡಾಕ್ಕೆ ಬಂದವರನ್ನು ಹುಡುಕುವಾಗ ಅವು ಉಪಯೋಗಕ್ಕೆ ಬರುತ್ತವೆ. ಪಿಯೇರ್ ಕೂಕ್ ತ್ರ್ವಾ-ರಿವಿಯೇರ್‌ನಲ್ಲಿ ಕಾಣಿಸಿಕೊಂಡದ್ದು 1650ರ ದಶಕದಲ್ಲಿ. ಆಗ ವಸಾಹತನ್ನು ನಡೆಸುತ್ತಿದ್ದುದು ರಾಜನ ಸರ್ಕಾರವಲ್ಲ, ವ್ಯಾಪಾರಿ ಕಂಪನಿ. ರಾಜ ಅದನ್ನು ನೇರವಾಗಿ ಕೈಗೆ ತೆಗೆದುಕೊಂಡದ್ದು 1663ರಲ್ಲಿ. ಕೋಟೆಯ ಕಾವಲಿಗೆ ಇದ್ದವರು ಬೆರಳೆಣಿಕೆಯ ಜನ. ಅವರ ಹಾಜರಿ ಪಟ್ಟಿಯನ್ನು ನೂರಾರು ವರ್ಷ ಜೋಪಾನ ಮಾಡುವ ಅಗತ್ಯ ಯಾರಿಗೂ ತೋರಲಿಲ್ಲ.

ಅಲ್ಲಿಂದ ಒಂದು ದಶಕದ ನಂತರ ಬಂದ ಪ್ರಸಿದ್ಧ ಕಾರಿನ್ಯಾನ್-ಸಾಲಿಯೇರ್ ರೆಜಿಮೆಂಟಿನ ಕಥೆಯೂ ಇದಕ್ಕಿಂತ ತೀರ ಭಿನ್ನವಲ್ಲ. ಇರೊಕ್ವಾಗಳ ದಾಳಿ ತಡೆಯಲು ಹದಿನಾಲ್ಕನೇ ಲೂಯಿ 1665ರಲ್ಲಿ ಕಳಿಸಿದ ಈ ಪಡೆಯಲ್ಲಿ ಸುಮಾರು 1,200 ಜನ. 1666ರಲ್ಲಿ ಇರೊಕ್ವಾಗಳ ಒಂದು ಬಣವಾದ ಮೊಹಾಕರ ಹಳ್ಳಿಗಳನ್ನು ಸುಟ್ಟು, ಮರುವರ್ಷ ಸಂಧಿಯಾಗಿ, 1668ರಲ್ಲಿ ಪಡೆ ವಾಪಸು ಹೊರಟಾಗ ಸುಮಾರು 400 ಸಿಪಾಯಿಗಳು ಅಲ್ಲೇ ನೆಲಸಿದರು. ಹಾಗೆ ಉಳಿದವರ ಒಂದು ಪಟ್ಟಿ ಇದೆ. ಹುಡುಕುವವನಿಗೆ ನಿಧಿ ಸಿಕ್ಕಂತೆ ಅನ್ನಿಸುತ್ತದೆ, ತೆರೆದು ನೋಡುವವರೆಗೆ. ಒಳಗಿರುವುದು ಬಹುಪಾಲು ಬರೀ ಅಡ್ಡಹೆಸರು: ಲಾಫ್ಲೂರ್, ಲಾವಿಯೊಲೆತ್, ಲಾರೋಸ್. ಹೂದೋಟದ ಪಟ್ಟಿ ಓದಿದ ಹಾಗೆ.

ಆದ್ದರಿಂದ ಮದುವೆ.

ಕ್ಯಾಥೊಲಿಕ್ ಪಾದ್ರಿ ಮದುವೆ ಮಾಡಿಸಿದಾಗ ರಿಜಿಸ್ಟರಿನಲ್ಲಿ ಒಂದು ಪ್ಯಾರಾ ಬರೆಯುತ್ತಾನೆ. ತಾರೀಖು, ವರನ ಅಸಲಿ ಹೆಸರು, ಉರ್ಫ್ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟೂರು ಮತ್ತು ಅದು ಸೇರುವ ಧರ್ಮಪ್ರಾಂತ, ವಧುವಿಗೂ ಅದೇ ವಿವರ, ಕೊನೆಗೆ ಸಾಕ್ಷಿಗಳು. ವರ ದೂರದೇಶದಿಂದ ಬಂದವನು, ಅಲ್ಲಿ ಒಬ್ಬ ಹೆಂಡತಿಯನ್ನು ಬಿಟ್ಟು ಬಂದಿರಬಹುದು ಎಂಬ ಅನುಮಾನ ಪಾದ್ರಿಗಳಿಗೆ ಸದಾ ಇತ್ತು. ಆದ್ದರಿಂದ ವಿಚಾರಣೆ ಬಿಗಿ. 1757ರಿಂದ 1763ರವರೆಗೆ ಮದುವೆಯಾಗ ಬಯಸಿದ ಸಿಪಾಯಿಗಳು ತಾವು ಅವಿವಾಹಿತರು ಎಂದು ಗೆಳೆಯರ ಸಾಕ್ಷ್ಯ ಕೊಡಿಸಬೇಕಿತ್ತು. ಆ ಹೇಳಿಕೆಗಳು ಉಳಿದಿವೆ. ‘ಇವನೂ ನಾನೂ ಒಂದೇ ಊರಿನವರು, ಚಿಕ್ಕಂದಿನಿಂದ ಬಲ್ಲೆ’ ಎಂಬ ಧಾಟಿಯವು. ಸೈನ್ಯಕ್ಕೆ ಬೇಕಾದದ್ದು ಬಂದೂಕು ಹಿಡಿಯುವ ಒಂದು ಕೈ. ಆ ಕೈ ಯಾರ ಮಗನದು ಎಂದು ಕೇಳಿದ್ದು ಚರ್ಚು.

ಪಿಯೇರನ ಪುಟ 1657ರ ಏಪ್ರಿಲ್ 16ರದು. ತಂದೆ ನಿಕೊಲಾ ಕೂಕ್, ತಾಯಿ ಎಲಿಜಬೆತ್ ತಾಂಪ್ಲೇರ್, ಊರು ಕೊನ್ಯಾಕ್. ವಧು ಫ್ರೆಂಚಳಲ್ಲ, ಆಲ್ಗಾಂಕ್ವಿನ್ ಎಂಬ ಮೂಲನಿವಾಸಿ ಬುಡಕಟ್ಟಿನ ಹೆಂಗಸು. ಮಾರಿ ಎಂಬುದು ಆಕೆಯ ಜ್ಞಾನಸ್ನಾನದ ಹೆಸರು. ಅವಳ ಸ್ವಂತ ಹೆಸರನ್ನು ಪಾದ್ರಿಗಳು ಬರೆದ ರೀತಿಯನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ ಕಾಣುತ್ತದೆ: ಮಿತೆ8ಅಮೆಗ್8ಕ್8ಎ.

ಮೊದಲ ಸಲ ನೋಡಿದಾಗ ಯಾರೋ ಟೈಪ್ ಮಾಡುವಾಗ ಬೆರಳು ಜಾರಿದೆ ಅಂದುಕೊಂಡಿದ್ದೆ. ಮೂರು ಕಡೆ ಜಾರಲು ಸಾಧ್ಯವೇ ಎಂದು ಆಮೇಲೆ ಹೊಳೆಯಿತು. ಅದು ಅಂಕಿಯಲ್ಲ. ಜೆಸ್ಯುಯಿಟ್ ಪಾದ್ರಿಗಳು ಗ್ರೀಕ್ ಕಲಿತವರು. ಗ್ರೀಕಿನಲ್ಲಿ ‘ಊ’ ಧ್ವನಿಗೆ ಎರಡು ಅಕ್ಷರ ಬೇಕು. ಕೈಬರಹದಲ್ಲಿ ಒಂದನ್ನು ಇನ್ನೊಂದರ ತಲೆ ಮೇಲೆ ಕೂರಿಸಿ ಬರೆದರೆ ತಲೆ ತೆರೆದ ಎಂಟರಂತೆ ಕಾಣುತ್ತದೆ. ಆಲ್ಗಾಂಕ್ವಿನ್ ಭಾಷೆಯ ‘ಉ’, ‘ವ’ ಧ್ವನಿಗಳಿಗೆ ಫ್ರೆಂಚಿನಲ್ಲಿ ಸರಿಯಾದ ಅಕ್ಷರ ಕಾಣದೆ ಅವರು ಇದನ್ನು ಎರವಲು ತಂದರು. ಓದುವಾಗ ಹೆಚ್ಚುಕಡಿಮೆ ‘ಮಿತೆವಾಮೆಗುಕುವೆ’ ಎನ್ನಬೇಕು. ಇದು ಬರಿಯ ಕುತೂಹಲದ ಸಂಗತಿಯಲ್ಲ. ಕಂಪ್ಯೂಟರಿನಲ್ಲಿ ಈ ಹೆಸರು ಹುಡುಕುವವರಿಗೆ ಎಂಟು ಹಾಕಿದರೆ ಒಂದು ಫಲಿತಾಂಶ, ‘ಊ’ ಹಾಕಿದರೆ ಇನ್ನೊಂದು. ಎರಡನ್ನೂ ಹಾಕಿ ನೋಡದವರಿಗೆ ಈ ಮೂಲತಾಯಿ ಕಣ್ಣಿಗೇ ಬೀಳುವುದಿಲ್ಲ.

ಮಾರಿಗೆ ಇದು ಎರಡನೇ ಮದುವೆ. ಮೊದಲ ಗಂಡ ಆಲ್ಗಾಂಕ್ವಿನ್‌ನವನು. ಅವನಿಂದಾದ ಇಬ್ಬರು ಮಕ್ಕಳು ಇರೊಕ್ವಾ ದಾಳಿಗೆ ಬಲಿಯಾಗಿದ್ದರು. ಆಗಿನ ತ್ರ್ವಾ-ರಿವಿಯೇರ್ ಎಂದರೆ ಬೇಲಿಯ ಹೊರಗೆ ಕಾಲಿಟ್ಟರೆ ಜೀವಕ್ಕೆ ಖಾತ್ರಿ ಇಲ್ಲದ ಜಾಗ. 1652ರ ಆಗಸ್ಟಿನಲ್ಲಿ ಆ ಊರಿನ ಗವರ್ನರೇ ಇರೊಕ್ವಾಗಳೊಡನೆ ನಡೆದ ಕಾಳಗದಲ್ಲಿ ಸತ್ತಿದ್ದ. ಅಂಥ ಊರಿನಲ್ಲಿ ಬದುಕುಳಿದ ಸಿಪಾಯಿಯೂ ಮಕ್ಕಳನ್ನು ಕಳಕೊಂಡ ವಿಧವೆಯೂ ಸೇರಿ ಒಂದು ಸಂಸಾರ ಹೂಡಿದರು. ಮುಂದಿನ ಹದಿನಾರು ವರ್ಷಗಳಲ್ಲಿ ಅವರಿಗೆ ಎಂಟು ಮಕ್ಕಳು.

ಈ ರಿಜಿಸ್ಟರುಗಳಲ್ಲಿ ನಮ್ಮವರು ಹೊಟ್ಟೆಕಿಚ್ಚು ಪಡಬೇಕಾದ ಒಂದು ಸಂಗತಿ ಇದೆ. ನಮ್ಮ ಪಹಣಿಯಲ್ಲಿ ಗಂಡಸಿಗೆ ‘ಬಿನ್’, ಹೆಂಗಸಿಗೆ ‘ಕೋಂ’. ಲಕ್ಷ್ಮಮ್ಮ ಕೋಂ ರಾಮಯ್ಯ ಎಂದ ಮೇಲೆ ಲಕ್ಷ್ಮಮ್ಮ ಯಾರ ಮಗಳು ಎಂಬ ಎಳೆ ಅಲ್ಲಿಗೆ ತುಂಡಾಯಿತು. ಫ್ರೆಂಚ್ ಕೆನಡಾದಲ್ಲಿ ಹೆಂಗಸು ಹುಟ್ಟಿದ ಮನೆಯ ಹೆಸರಿನಲ್ಲೇ ಜ್ಞಾನಸ್ನಾನ, ಮದುವೆ, ಮಕ್ಕಳ ಜ್ಞಾನಸ್ನಾನ, ಕೊನೆಗೆ ಸಮಾಧಿಯವರೆಗೂ ದಾಖಲಾಗುತ್ತಾಳೆ. ಗಂಡನ ಹೆಸರು ಮೂರು ಸಲ ಬದಲಾಗಿದ್ದರೂ ಹೆಂಡತಿಯ ಹೆಸರು ನಿಂತಿರುತ್ತದೆ. ಅದಕ್ಕೇ ಅನುಭವಸ್ಥರು ಸಿಪಾಯಿಯನ್ನು ಅವನ ಹೆಂಡತಿಯ ಹೆಸರಿನಿಂದ ಬೆನ್ನಟ್ಟುತ್ತಾರೆ. ‘ಲಾಫ್ಲೂರ್’ ಎಂದು ಹುಡುಕಿದರೆ ನೂರು ಜನ ಎದ್ದು ನಿಲ್ಲುತ್ತಾರೆ. ‘ಮಿತೆವಾಮೆಗುಕುವೆಯ ಗಂಡ’ ಎಂದರೆ ಒಬ್ಬನೇ.

ರಿಜಿಸ್ಟರುಗಳೂ ಪವಾಡವೇನಲ್ಲ. 1640ರಲ್ಲಿ ಕ್ವಿಬೆಕ್‌ನ ಚರ್ಚಿಗೆ ಬೆಂಕಿ ಬಿದ್ದು ಅಲ್ಲಿನ ಹಳೆಯ ಪುಸ್ತಕಗಳು ಸುಟ್ಟವು. ನೆನಪಿನಿಂದ ಮತ್ತೆ ಬರೆದರು. ನೆನಪಿನಿಂದ ಬರೆದ ತಾರೀಖಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಓದುವವನಿಗೆ ಬಿಟ್ಟದ್ದು. ಆಮೇಲೆ ಫ್ರಾನ್ಸ್‌ನಲ್ಲಿ 1667ರ ರಾಜಾಜ್ಞೆ ಎರಡೆರಡು ಪ್ರತಿ ಬರೆದು ಒಂದನ್ನು ಕೋರ್ಟಿನಲ್ಲಿಡಬೇಕೆಂದಿತು. ಹೊಸ ಫ್ರಾನ್ಸ್ ಎನ್ನಿಸಿಕೊಂಡಿದ್ದ ಈ ವಸಾಹತಿನಲ್ಲಿ ಆ ಪದ್ಧತಿ 1679ರ ನಂತರ ನೆಲೆಗೊಂಡಿತು. ಚರ್ಚಿನ ಪ್ರತಿ ಇಲಿ ತಿಂದಿದ್ದರೆ ಕೋರ್ಟಿನ ಪ್ರತಿ ನೋಡಬಹುದು. ಎರಡೂ ಇದ್ದರೆ ಎರಡರಲ್ಲೂ ಬೇರೆಬೇರೆ ಹೆಸರಿರುವ ಮಜವೂ ಸಿಗುತ್ತದೆ.

ಚರ್ಚಿನಿಂದ ಹೊರಬಂದರೆ ನೋಟರಿ. ಪ್ಯಾರಿಸ್ ಭಾಗದ ಕಾನೂನುಪದ್ಧತಿ ಅಲ್ಲಿ ಜಾರಿಯಲ್ಲಿದ್ದುದರಿಂದ ಜನ ಮದುವೆ ಕರಾರು, ಜಮೀನು ಪತ್ರ, ಗುತ್ತಿಗೆ, ಸಾಲ ಎಲ್ಲವನ್ನೂ ನೋಟರಿಯ ಮುಂದೆ ಮಾಡುತ್ತಿದ್ದರು. ಗಂಡ ಅಥವಾ ಹೆಂಡತಿ ಸತ್ತಾಗ ಮನೆಯ ಸಾಮಾನಿನ ಪಟ್ಟಿಯನ್ನೂ ಬರೆಸುತ್ತಿದ್ದರು. ಕಬ್ಬಿಣದ ಮಡಕೆಗೆ ಎಷ್ಟು, ಹಳೇ ಬಂದೂಕಿಗೆ ಎಷ್ಟು, ಕಂಬಳಿ ತೂತಾಗಿದೆಯೋ ಇಲ್ಲವೋ ಎಂಬವರೆಗೂ. ಅಕ್ಷರ ಬಾರದ ಸಿಪಾಯಿಯ ಬದುಕು ಇಷ್ಟು ಹತ್ತಿರದಿಂದ ಬೇರೆಲ್ಲೂ ಕಾಣುವುದಿಲ್ಲ. ಜನಗಣತಿಗಳೂ ಇವೆ: 1666, 1667, 1681. ಮೊದಲನೆಯದರಲ್ಲಿ ಇಡೀ ವಸಾಹತಿನ ಲೆಕ್ಕ 3,215 ಜನ, ರೆಜಿಮೆಂಟಿನವರನ್ನು ಬಿಟ್ಟು. 1681ರದರಲ್ಲಿ ಬಂದೂಕು, ದನ, ಹದಮಾಡಿದ ನೆಲದ ಲೆಕ್ಕವೂ ಉಂಟು. ವಯಸ್ಸನ್ನು ಮಾತ್ರ ನಂಬುವ ಹಾಗಿಲ್ಲ. ಒಂದು ಗಣತಿಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಕೆಲವರು ಒಂದೇ ವರ್ಷದಲ್ಲಿ ಐದು ವರ್ಷ ಮುದುಕರಾಗಿರುತ್ತಾರೆ.

ಮನೆತನದ ಜನ ಎಲ್ಲರಿಗಿಂತ ಜಾಸ್ತಿ ಮಾತಾಡುವುದು ಕೋರ್ಟಿನಲ್ಲಿ. ಕೂಕ್ ಕುಟುಂಬ ಅಷ್ಟು ಹೊತ್ತಿಗೆ ನದಿಯ ಆಚೆ ದಡದ ಸೇಂಟ್ ಫ್ರಾನ್ಸ್ವಾ ಎಂಬಲ್ಲಿಗೆ ಹೋಗಿ ನೆಲೆಸಿತ್ತು. 1679ರಲ್ಲಿ ಅಲ್ಲಿ ಒಂದು ಜಗಳವಾಗಿ ಹಿರಿಮಗಳು ಜಾನ್ ಕೊಲೆಯಾದಳು. ಇಪ್ಪತ್ತು ದಾಟಿತ್ತೋ ಇಲ್ಲವೋ. ಜಾಂ ರಾಟಿಯೇ ಎಂಬವನ ಮೇಲೆ ಅಪರಾಧ ಸಾಬೀತಾಗಿ ತ್ರ್ವಾ-ರಿವಿಯೇರ್‌ನಲ್ಲಿ ನೇಣಿನ ಶಿಕ್ಷೆಯಾಯಿತು. ಅವನು ಕ್ವಿಬೆಕ್‌ನ ಮೇಲಿನ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದ. 1680ರ ಕೊನೆಗೆ ಅಲ್ಲೂ ಶಿಕ್ಷೆ ಕಾಯಂ. ಆದರೆ ನೇಣು ಹಾಕುವವನೇ ಆಗ ಇರಲಿಲ್ಲ. ಆ ಕೆಲಸಕ್ಕೆ ಯಾರೂ ಬರುತ್ತಿರಲಿಲ್ಲ. ಮಂಡಳಿ ಅವನ ಮುಂದೆ ಎರಡು ದಾರಿ ಇಟ್ಟಿತು: ಇನ್ನೊಬ್ಬ ಸಿಗುವವರೆಗೆ ಜೈಲಿನಲ್ಲಿ ಕಾಯಿ, ಇಲ್ಲವೇ ನೀನೇ ಆ ಹುದ್ದೆ ಹಿಡಿ. ರಾಟಿಯೇ ಹುದ್ದೆ ಹಿಡಿದ. 1703ರಲ್ಲಿ ಸಾಯುವವರೆಗೂ ಕ್ವಿಬೆಕ್‌ನ ವಧಾಕಾರನಾಗಿದ್ದ. ನಡುವೆ ಅವನ ಹೆಂಡತಿ ಕಳವು ಮಾಲಿನ ವ್ಯವಹಾರದಲ್ಲಿ ಸಿಕ್ಕಿಬಿದ್ದು ಅವಳಿಗೆ ಬಹಿರಂಗ ಶಿಕ್ಷೆಯಾದಾಗ, ಅದನ್ನು ಜಾರಿ ಮಾಡುವ ಸರದಿಯೂ ಇವನದೇ ಆಯಿತು.

ಸಿಪಾಯಿಯ ಮಗಳ ಕೊಲೆಗಾರ ಸರ್ಕಾರಿ ನೌಕರನಾದ ಈ ಕಥೆಯನ್ನು ಯಾವ ವಂಶವೃಕ್ಷದ ಚಿತ್ರದಲ್ಲೂ ಬರೆಯಲು ಜಾಗ ಇರುವುದಿಲ್ಲ. ಅಲ್ಲಿ ಜಾನ್ ಹೆಸರಿನ ಮುಂದೆ ಎರಡು ಇಸವಿ, ನಡುವೆ ಒಂದು ಗೆರೆ, ಅಷ್ಟೆ. ಮಕ್ಕಳಿಲ್ಲದೆ ಹೋದವರ ಕೊಂಬೆಯನ್ನು ಹುಡುಕುವವರು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಅದು ತಪ್ಪು ಲೆಕ್ಕ ಎನ್ನುವುದು ನನ್ನ ಅಭಿಪ್ರಾಯ. ತಂದೆ-ತಾಯಿ ಎಲ್ಲಿದ್ದರು, ನೆರೆಯವರು ಯಾರು, ಊರ ಧಣಿಯೊಡನೆ ಸಂಬಂಧ ಹೇಗಿತ್ತು ಎಂಬ ಮಾಹಿತಿ ಸಿಗುವುದು ಇಂಥ ಕಡತದಲ್ಲೇ.

ಇನ್ನು ಉಳಿದ ಮಕ್ಕಳು. ಕೆಲವು ಹೆಣ್ಣುಮಕ್ಕಳು ಫ್ರೆಂಚರನ್ನು ಮದುವೆಯಾಗಿ ಇವತ್ತಿನ ಎಷ್ಟೋ ಕ್ವಿಬೆಕ್ ಮನೆತನಗಳ ಮುತ್ತಜ್ಜಿಯರಾದರು. ಲೂಯಿ ಮಾಂಟೂರ್ ತುಪ್ಪಳದ ವ್ಯಾಪಾರಕ್ಕಿಳಿದ. ಪಶ್ಚಿಮದ ಬುಡಕಟ್ಟುಗಳನ್ನು ಫ್ರೆಂಚರ ಬದಲು ಇಂಗ್ಲಿಷರ ಆಲ್ಬನಿ ಪೇಟೆಗೆ ಕರೆದೊಯ್ಯತೊಡಗಿದ. ಫ್ರೆಂಚ್ ಗವರ್ನರ್ ವೊದ್ರೋಯ್ ಇದನ್ನು ಸಹಿಸಲಿಲ್ಲ. 1709ರಲ್ಲಿ ಅವನ ಅಪ್ಪಣೆಯಂತೆ ಜೊಂಕೇರ್ ಎಂಬ ಅಧಿಕಾರಿ ಲೂಯಿಯನ್ನು ಕೊಲ್ಲಿಸಿದ. ಅಲ್ಲಿಂದ ಮುಂದೆ ಮಾಂಟೂರ್ ಕೊಂಬೆಯ ಸುದ್ದಿ ಫ್ರೆಂಚ್ ಕಾಗದಗಳಲ್ಲಿ ತೆಳುವಾಗಿ ಇಂಗ್ಲಿಷ್ ಕಾಗದಗಳಲ್ಲಿ ದಟ್ಟವಾಗುತ್ತದೆ. ಗಡಿ ದಾಟಿದ ಮನೆತನವನ್ನು ಹುಡುಕುವವನೂ ಗಡಿ ದಾಟಬೇಕು. ಕ್ವಿಬೆಕ್‌ನ ದಾಖಲೆಗಳಲ್ಲಿ ‘ಮಾಯ’ವಾದವರು ಎಷ್ಟೋ ಸಲ ಸತ್ತಿರುವುದಿಲ್ಲ, ಬೇರೆ ರಾಜ್ಯದಲ್ಲಿ ಸಂಸಾರ ಮಾಡಿಕೊಂಡಿರುತ್ತಾರೆ.

ಮೇಡಂ ಮಾಂಟೂರ್ ನ್ಯೂಯಾರ್ಕ್ ಗವರ್ನರ್ ರಾಬರ್ಟ್ ಹಂಟರ್‌ಗೆ ದುಭಾಷಿಯಾದಳು. ಒನೈಡಾ ಬುಡಕಟ್ಟಿನ ಯುದ್ಧನಾಯಕ ಕಾರೊಂಡವಾನ ಅವಳ ಗಂಡ. ಮುಂದೆ ಪೆನ್ಸಿಲ್ವೇನಿಯಾದ ಓಟ್‌ಸ್ಟನ್‌ವಾಕಿನ್ ಎಂಬ ಹಳ್ಳಿಯಲ್ಲಿ ನೆಲೆಸಿದಳು. 1742ರಲ್ಲಿ ಜರ್ಮನ್ ಧರ್ಮಪ್ರಚಾರಕ ಕೌಂಟ್ ತ್ಸಿನ್‌ಜೆಂಡಾರ್ಫ್ ಅಲ್ಲಿಗೆ ಹೋದಾಗ ಆಕೆಯ ಮಗ ಆಂಡ್ರೂ ಎದುರಾದ. ಕೌಂಟ್ ಬರೆದಿಟ್ಟ ವರ್ಣನೆ ಕಣ್ಣಿಗೆ ಕಟ್ಟುವಂತಿದೆ: ಮುಖಲಕ್ಷಣ ಪೂರ್ತಿ ಯುರೋಪಿನವರದು, ಆದರೆ ಮುಖದ ಸುತ್ತ ಕರಡಿಕೊಬ್ಬಿನಲ್ಲಿ ಕಲಸಿದ ಬಣ್ಣದ ಅಗಲವಾದ ಪಟ್ಟಿ. ಮೈಮೇಲೆ ಕಂದು ಕೋಟು, ಕೆಂಪು ಒಳಅಂಗಿ, ತಲೆಗೆ ಟೋಪಿ, ಕಾಲಿಗೆ ಬೂಟು. ಕಿವಿಯಲ್ಲಿ ಬುಟ್ಟಿಯ ಹಿಡಿಯಂತೆ ಹೆಣೆದ ಹಿತ್ತಾಳೆ ತಂತಿ. ಕೌಂಟ್ ಅವನನ್ನು ಫ್ರೆಂಚಿನಲ್ಲಿ ಮಾತಾಡಿಸಿದ. ಆಂಡ್ರೂ ಉತ್ತರ ಕೊಟ್ಟದ್ದು ಇಂಗ್ಲಿಷಿನಲ್ಲಿ. ಹನ್ನೆರಡು ವರ್ಷಗಳ ನಂತರ ಅವನು ಫೋರ್ಟ್ ನೆಸೆಸಿಟಿ ಎಂಬ ಕೋಟೆಯಲ್ಲಿ ಯುವಕ ಜಾರ್ಜ್ ವಾಷಿಂಗ್ಟನ್ ಜೊತೆ ಫ್ರೆಂಚರ ವಿರುದ್ಧ ನಿಂತಿದ್ದ.

ವಂಶದ ಎಳೆಯನ್ನು ಸಮುದ್ರದ ಆಚೆ ಒಯ್ಯುವುದು ಕೊನೆಯ ಮಜಲು. ಅದಕ್ಕೆ ಊರಿನ ಹೆಸರು ಗಟ್ಟಿಯಾಗಿ ಗೊತ್ತಿರಬೇಕು, ಮತ್ತೆ ಅದು ಬರುವುದು ಮದುವೆಯ ಪುಟದಿಂದಲೇ. ಫ್ರಾನ್ಸಿನ ಹಳೆಯ ಚರ್ಚ್ ಪುಸ್ತಕಗಳು ಈಗ ಜಿಲ್ಲಾವಾರು ದಫ್ತರಖಾನೆಗಳಲ್ಲಿವೆ. ಕೊನ್ಯಾಕ್‌ನವು ಶರಾಂತ್ ಜಿಲ್ಲೆಯಲ್ಲಿ. ಈ ಊರಿಗೆ ಇನ್ನೊಂದು ತೊಡಕುಂಟು. 1570ರ ಒಪ್ಪಂದದಲ್ಲಿ ಪ್ರಾಟೆಸ್ಟಂಟರಿಗೆ ಬಿಟ್ಟುಕೊಟ್ಟ ನಾಲ್ಕು ಭದ್ರಕೋಟೆಗಳಲ್ಲಿ ಕೊನ್ಯಾಕ್ ಒಂದು. ಇಂಥ ಕಡೆಯಿಂದ ಬಂದವನ ಹುಟ್ಟು ಕ್ಯಾಥೊಲಿಕ್ ಪುಸ್ತಕದಲ್ಲಿ ಸಿಗದಿದ್ದರೆ ಪ್ರಾಟೆಸ್ಟಂಟರ ಪುಸ್ತಕವನ್ನೂ ತಡಕಬೇಕು. ಕೆನಡಾಕ್ಕೆ ಹೋದವರ ಫ್ರಾನ್ಸಿನ ಮೂಲದಾಖಲೆಗಳನ್ನು ಒಟ್ಟುಗೂಡಿಸುವ ‘ಫಿಶಿಯೇ ಒರಿಜಿನ್’ ಎಂಬ ಸಾರ್ವಜನಿಕ ಕೋಶವೊಂದು 1998ರಿಂದ ನಡೆಯುತ್ತಿದೆ. ಈಗ ಜನ ಮೊದಲು ಅಲ್ಲಿ ಕೈ ಹಾಕುತ್ತಾರೆ. ಮಾಂಟ್ರಿಯಲ್ ವಿಶ್ವವಿದ್ಯಾಲಯ 1966ರಲ್ಲಿ ಶುರುಮಾಡಿದ ಜನಸಂಖ್ಯಾ ಯೋಜನೆ ಚರ್ಚ್ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೇರಿಸಿ ಸಂಸಾರಗಳನ್ನು ಒಂದಕ್ಕೊಂದು ಜೋಡಿಸಿದೆ. ಅದಕ್ಕೂ ಹಿಂದೆ ಪಾದ್ರಿ ಸಿಪ್ರಿಯೆನ್ ತಾಂಗೇ 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಇಡೀ ಜನಾಂಗದ ವಂಶಕೋಶ ತಂದಿದ್ದ. ಒಬ್ಬನೇ ಕೂತು ಮಾಡಿದ ಕೆಲಸ. ತಪ್ಪುಗಳಿವೆ. ಆ ತಪ್ಪುಗಳನ್ನು ನೋಡದೆ ನಕಲು ಮಾಡಿದ ಸಾವಿರಾರು ವಂಶವೃಕ್ಷಗಳು ಇವತ್ತೂ ಅಂತರ್ಜಾಲದಲ್ಲಿ ಚಿಗುರುತ್ತಲೇ ಇವೆ. ನಮ್ಮ ಹೆಳವರು ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ವಂಶ ಹೇಳುವಾಗ ಮನೆಯ ಹಿರಿಯರು ‘ಅಲ್ಲಪ್ಪ, ಅವನು ಚಿಕ್ಕವನು’ ಎಂದು ತಿದ್ದಬಹುದಿತ್ತು. ಕಂಪ್ಯೂಟರಿನಲ್ಲಿ ತಿದ್ದುವವರು ಕಡಿಮೆ, ನಕಲು ಮಾಡುವವರೇ ಜಾಸ್ತಿ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಅದು ಹೇಳುವುದು ಎರಡು ಗೆರೆಯನ್ನು ಮಾತ್ರ ಖಚಿತವಾಗಿ: ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಹೋಗುವ ವೈ ವರ್ಣತಂತು ಒಂದು, ತಾಯಿಯಿಂದ ಮಕ್ಕಳಿಗೆ ಬಂದು ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದುವರಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ ಇನ್ನೊಂದು. ಮಿತೆವಾಮೆಗುಕುವೆಯ ಹೆಣ್ಣುಮಕ್ಕಳ ಹೆಣ್ಣುಮಕ್ಕಳ ಸಾಲಿನಲ್ಲಿ ಇವತ್ತು ಬದುಕಿರುವವರಲ್ಲಿ ಅವಳ ಆಲ್ಗಾಂಕ್ವಿನ್ ಗುರುತು ಹಾಗೆಯೇ ಇರುತ್ತದೆ. ಆದರೆ ಆ ಸಾಲು ಯಾವುದು ಎಂದು ತೋರಿಸಲು ಮತ್ತೆ ರಿಜಿಸ್ಟರೇ ಬೇಕು. ರಕ್ತ ಊರಿನ ಹೆಸರು ಹೇಳುವುದಿಲ್ಲ.

ಈಗ ಮತ್ತೆ ಲಾಂಕಾಸ್ಟರಿನ ಮುದುಕಿಯ ಹತ್ತಿರ ಹೋಗೋಣ, ಯಾಕೆಂದರೆ ಅವಳು ಯಾರು ಎಂಬ ಜಗಳ ಇತಿಹಾಸಕಾರರ ನಡುವೆ ಇನ್ನೂ ಮುಗಿದಿಲ್ಲ. ಒಂದು ಪಂಗಡದ ಪ್ರಕಾರ ಅವಳು ಪಿಯೇರನ ಮಗಳು ಇಸಬೆಲ್, 1667ರಲ್ಲಿ ಹುಟ್ಟಿದವಳು. ಇನ್ನೊಂದು ಪಂಗಡ ಅವಳು ಲೂಯಿಯ ಮಗಳು, ಅಂದರೆ ಪಿಯೇರನ ಮೊಮ್ಮಗಳು ಎನ್ನುತ್ತದೆ. ಎರಡನೆಯವರ ಲೆಕ್ಕ ಸರಳ. ಆಂಡ್ರೂ ಹುಟ್ಟಿದ್ದು 1720ರ ಸುಮಾರಿಗೆ ಎಂದು ಹಿಡಿದರೆ ಇಸಬೆಲ್‌ಗೆ ಆಗ 53 ವರ್ಷ. ಆ ವಯಸ್ಸಿನಲ್ಲಿ ಹೆರಿಗೆಯೇ? ಮೊದಲನೆಯವರು ಆಂಡ್ರೂನ ಹುಟ್ಟಿದ ವರ್ಷವೇ ಊಹೆ ಎನ್ನುತ್ತಾರೆ, ಲೂಯಿಯ ತಂಗಿ ಇಂಗ್ಲಿಷರ ಕಡೆ ಬಂದಳೆಂದು ಹೇಳುವ ಕಾಗದಗಳನ್ನು ಮುಂದಿಡುತ್ತಾರೆ. ನನಗೆ ಮೊದಲನೆಯವರ ವಾದ ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಆದರೆ ಹಾಗೆ ಒಪ್ಪಿದರೆ ಇನ್ನೊಂದು ಗಂಟು ಬೀಳುತ್ತದೆ. ಹತ್ತು ವರ್ಷದವಳಿದ್ದಾಗ ಇರೊಕ್ವಾಗಳು ಹೊತ್ತೊಯ್ದರು ಎಂದಳಲ್ಲ, ಅದು 1677ರ ಸುಮಾರಿಗೆ ಆಗಿರಬೇಕು. ಇಸಬೆಲ್ ಕೂಕ್ 1684ರಲ್ಲಿ, ಹದಿನೇಳರ ಪ್ರಾಯದಲ್ಲಿ, ಸೊರೆಲ್ ಎಂಬ ಫ್ರೆಂಚ್ ಊರಿನಲ್ಲಿ ಜೊವಾಶಿಮ್ ಜೆರ್ಮಾನೊ ಎಂಬವನನ್ನು ಮದುವೆಯಾದಳು. ಆ ಪುಟವೂ ಉಳಿದಿದೆ. ಅದರಲ್ಲಿ ವಧುವಿನ ತಂದೆಯ ಜಾಗದಲ್ಲಿರುವುದು ಗವರ್ನರನ ಹೆಸರಲ್ಲ, ಕೊನ್ಯಾಕ್‌ನಿಂದ ಬಂದ ಪಿಯೇರನದು.